ಹದಿನಾಲ್ಕನೇ ಕೇಂದ್ರದ ಚಳಿ

“ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ... ಅಯ್ಯೋ, ತಲೆ ಕಡೆ ಎತ್ರೋ!”

ಮೆಟ್ಟಿಲ ತಿರುವಿನಲ್ಲಿ ಹಲಗೆ ಸಿಕ್ಕಿಕೊಂಡಿತು. ಹೊತ್ತವರಲ್ಲಿ ಇಬ್ಬರು ಮೇಲಿದ್ದರು, ಇಬ್ಬರು ಕೆಳಗಿದ್ದರು. ನಡುವೆ ಹವಾಮಾನ ಕಚೇರಿಯ ಗುಮಾಸ್ತರು ಬಿಳಿ ಬಟ್ಟೆ ಹೊದ್ದು, ಓರೆಯಾಗಿ ನಿಂತವರಂತೆ ಮಲಗಿದ್ದರು. ಕೆಳಗಿನಿಂದ ಹತ್ತಿ ಬರುತ್ತಿದ್ದ ಹೆಂಗಸಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಗೋಡೆಗೆ ಬೆನ್ನು ಅಂಟಿಸಿ, ಬಟ್ಟೆಯ ಚೀಲವನ್ನು ಎದೆಗವಚಿಕೊಂಡು ನಿಂತಳು. ಹಲಗೆ ಅಲುಗಿದಾಗ ಮುಖದ ಮೇಲಿನ ಬಟ್ಟೆ ಸರಿಯಿತು.

ಹತ್ತೊಂಬತ್ತು ವರ್ಷ ದಿನವೂ ಬೆಳಗ್ಗೆ ಏಳಕ್ಕೆ ಫೋನಿನಲ್ಲಿ ಮಾತಾಡಿದವರ ಮುಖವನ್ನು ಆಕೆ ನೋಡಿದ್ದು ಅದೇ ಮೊದಲು. ದನಿ ಕೇಳಿ ದಪ್ಪ ಮನುಷ್ಯರೆಂದುಕೊಂಡಿದ್ದಳು. ಈಗ ಒಂದು ಗೇಣು ದೂರದಲ್ಲಿ ಕಂಡದ್ದು ಸಣಕಲು ಮುಖ, ದೊಡ್ಡ ಕಿವಿ, ಗಲ್ಲದ ಮೇಲೆ ಎರಡು ದಿನದ ಬಿಳಿ ಕುರುಚಲು. ಅಳು ಬರಬೇಕಾಗಿತ್ತು, ಬರಲಿಲ್ಲ. ಮೂರು ಗಂಟೆ ಬಸ್ಸಿನಲ್ಲಿ ಕೂತು ಮರಗಟ್ಟಿದ ಕಾಲಿನ ಹಾಗೆ ಒಳಗೂ ಏನೋ ಮರಗಟ್ಟಿತ್ತು.

“ದಾರಿ ಬಿಡಿ ತಾಯಿ,” ಎಂದ ಹೊತ್ತವನೊಬ್ಬ.

“ಎಲ್ಲಿಗೆ ಬಿಡ್ಲಪ್ಪ, ಗೋಡೆ ಒಳಗೆ ಹೋಗ್ಲಾ?”

ಹೇಗೋ ಹಲಗೆ ತಿರುಗಿತು, ಕೆಳಗಿಳಿಯಿತು. ಅದರ ಹಿಂದೆಯೇ ಒಬ್ಬೊಬ್ಬರಾಗಿ ಇಳಿದವರಲ್ಲಿ ಕೊನೆಯವರು ಗುಮಾಸ್ತರ ಹೆಂಡತಿ. ತಿರುವಿನಲ್ಲಿ ನಿಂತು ಈ ಹೊಸಬಳ ಬೂಟು, ಉಣ್ಣೆಯ ಟೋಪಿ, ಚಳಿಗೆ ಒಡೆದ ಕೆನ್ನೆ ನೋಡಿದರು.

“ಬೆಟ್ಟದಿಂದ ಬಂದ್ರಾ?”

“ಹೌದಮ್ಮ.”

“ಹದಿನಾಲ್ಕಾ?”

ಆಕೆ ತಲೆಯಾಡಿಸಿದಳು. ಬೆಟ್ಟದ ಹವಾಕೇಂದ್ರದ ಸಂಖ್ಯೆ ಹದಿನಾಲ್ಕು. ಕಚೇರಿಯಲ್ಲಿ ಯಾರೂ ಆಕೆಯ ಹೆಸರು ಕೇಳಿರಲಿಲ್ಲ. ‘ಹದಿನಾಲ್ಕು, ಹೇಳಿ’ ಎಂದೇ ಗುಮಾಸ್ತರ ಮಾತು ಶುರುವಾಗುತ್ತಿತ್ತು. ಆಕೆ ಹೇಳುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ‘ಸರಿ, ನಾಳೆ ನೋಡೋಣ’ ಎಂದು ಫೋನಿಡುತ್ತಿದ್ದರು. ಆ ‘ನಾಳೆ ನೋಡೋಣ’ ಒಂದು ದಿನವೂ ತಪ್ಪಿರಲಿಲ್ಲ, ಕಳೆದ ತಿಂಗಳ ಹನ್ನೊಂದರವರೆಗೆ.

*

ವಠಾರದ ಅಂಗಳದಲ್ಲಿ ಎರಡು ಬೆಂಚು ಜೋಡಿಸಿ ಗುಮಾಸ್ತರನ್ನು ಮಲಗಿಸಿದ್ದರು. ಮಸಣಕ್ಕೆ ಒಯ್ಯುವ ಗಾಡಿ ಹನ್ನೆರಡೂವರೆಗೆ ಬರುವುದಿತ್ತು. ಅಲ್ಲಿಯವರೆಗೆ ಮಾಡಲು ಏನೂ ಇಲ್ಲ. ಗಂಡಸರು ಬಿಸಿಲು ಬಿದ್ದ ಗೋಡೆಯುದ್ದಕ್ಕೂ ನಿಂತು ಕೈ ಉಜ್ಜಿಕೊಳ್ಳುತ್ತಿದ್ದರು. ಯಾರೋ ಎಲ್ಲರಿಗೂ ಚಹಾ ತಂದುಕೊಟ್ಟರು. ಹದಿನಾಲ್ಕರ ಆಕೆಯೂ ಒಂದು ಲೋಟ ಹಿಡಿದಳು. ಬಿಸಿ ಬೆರಳಿಗೆ ತಾಗಿದ್ದು ಗೊತ್ತಾಗಲು ಹೊತ್ತು ಹಿಡಿಯಿತು.

“ಮೂವತ್ತು ವರ್ಷ ಎದುರು ಮನೇಲಿದ್ದೀನಿ,” ಎನ್ನುತ್ತಿದ್ದ ಒಬ್ಬ ದರ್ಜಿ, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. “ಬೆಳಗ್ಗೆ ಎದ್ದು, ‘ಇವತ್ತು ಮಳೆ ಬರತ್ತಾ ಸ್ವಾಮಿ?’ ಅಂತ ಕೇಳಿದ್ರೆ ಏನಂತಿದ್ರು ಗೊತ್ತಾ? ‘ನಾನು ಆಗಿಹೋದದ್ದನ್ನ ಬರೆಯೋನು ಕಣಯ್ಯ, ಆಗೋದನ್ನ ಹೇಳೋನಲ್ಲ.’ ಮೂವತ್ತು ವರ್ಷದಲ್ಲಿ ಒಂದ್ ದಿನ ಹೇಳ್ಲಿಲ್ಲ. ನಾನು ಒಣಗ್ಸಿದ ಬಟ್ಟೇನೂ ನೆನೀತು, ಅವರದ್ದೂ ನೆನೀತು.”

ಗೋಡೆಯುದ್ದಕ್ಕೂ ಮೆಲ್ಲಗೆ ನಗೆ ಹರಿಯಿತು.

“ಸಣ್ಣೋನಿದ್ದಾಗ್ಲೂ ಹಾಗೇ,” ಎಂದರು ಗುಮಾಸ್ತರ ಅಣ್ಣ. ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. “ಆಟದಲ್ಲಿ ಯಾರು ಗೆದ್ರು ಅಂತ ಅವನನ್ನೇ ಕೇಳ್ತಿದ್ವಿ. ಅವನು ಆಡ್ತಿರ್ಲಿಲ್ಲ, ಪಕ್ಕದಲ್ಲಿ ಕೂತು ಗೆರೆ ಎಳೀತಿದ್ದ. ಅದೆಲ್ಲ ಇರ್ಲಿ, ನನಗೆ ತಿಳೀದೆ ಇರೋದು ಆ ನಾಲ್ಕೂವರೆ.”

“ಯಾವ ನಾಲ್ಕೂವರೆ?” ಎಂದ ದರ್ಜಿ.

“ಆಸ್ಪತ್ರೇಲಿ. ಮಾತು ನಿಂತು ಏಳೆಂಟು ದಿನ ಆಗಿತ್ತು. ಸಂಜೆ ವಾರ್ಡಿನ ರೇಡಿಯೋದಲ್ಲಿ ಸುದ್ದಿ ಬರ್ತಿತ್ತು. ಇದ್ದಕ್ಕಿದ್ದ ಹಾಗೆ ಕಣ್ಣು ಬಿಟ್ಟ, ಕೈ ಎತ್ತಿದ. ಇಗೋ ಹೀಗೆ.” ಅಣ್ಣ ಕೋಲನ್ನು ತೊಡೆಗೆ ಒರಗಿಸಿ ಬಲಗೈ ಎತ್ತಿದರು. ನಾಲ್ಕು ಬೆರಳು ನೆಟ್ಟಗೆ, ಹೆಬ್ಬೆರಳು ಅರ್ಧ ಮಡಚಿ. “ಅಷ್ಟೇ. ಆಮೇಲೆ ದಿನಾ ತೋರಿಸ್ದ. ನಿನ್ನೆ ಮಧ್ಯಾಹ್ನಾನೂ ತೋರಿಸ್ದ.”

“ಗಂಟೆ ಇರಬೇಕು. ನಾಲ್ಕೂವರೆಗೆ ಹೋಗ್ತೀನಿ ಅಂತ.”

“ಹೋಗಿದ್ದು ಆರಕ್ಕೆ ಕಣಯ್ಯ.”

“ಹಾಗಾದ್ರೆ ನಾಲ್ಕೂವರೆ ಮೀಟರ್ ಬಟ್ಟೆ. ನನಗೆ ಹೇಳ್ಕಳಿಸ್ಬೇಕಿತ್ತು ನೀವು.”

“ನಾವು ಐದು ಜನ ಹುಟ್ಟಿದ್ವಿ,” ಎಂದರು ಅಣ್ಣ, ದರ್ಜಿಯ ತಮಾಷೆ ಕೇಳಿಸದವರಂತೆ. “ಒಂದು ಕೂಸು ಹುಟ್ಟಿದ ದಿನವೇ ಹೋಯ್ತು. ಅದನ್ನ ಅರ್ಧ ಅಂತ ಲೆಕ್ಕ ಹಾಕ್ದನೋ ಏನೋ. ಅವನ ಲೆಕ್ಕ ಅವನಿಗೇ ಗೊತ್ತು.”

ಹದಿನಾಲ್ಕರ ಆಕೆ ಆ ಬೆರಳುಗಳನ್ನು ನೋಡಿದಳು. ಆಕೆಗೂ ಏನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಕಚೇರಿಯ ಕಾರು ಬಂತು. ಇಳಿದವರು ಮುಖ್ಯಸ್ಥರು. ಹಿಂದೆ ಎರಡನೇ ಗುಮಾಸ್ತ, ನಲವತ್ತರ ಆಸುಪಾಸಿನವನು, ಮೂಗು ಸುರಿಯುತ್ತಿತ್ತು, ಕಂಕುಳಲ್ಲಿ ಒಂದು ಉದ್ದನೆಯ ಕಡತ. ಮುಖ್ಯಸ್ಥರು ಬೆಂಚಿನ ಬಳಿ ಒಂದು ನಿಮಿಷ ತಲೆ ತಗ್ಗಿಸಿ ನಿಂತರು. ತಲೆಯೆತ್ತಿದಾಗ ಎರಡನೇ ಗುಮಾಸ್ತ ಅವರ ಕಿವಿಯಲ್ಲಿ ಏನೋ ಹೇಳಿದ.

“ಓ, ನೀವೇನಾ! ಮೈನಸ್ ಹನ್ನೊಂದು ಪಾಯಿಂಟ್ ಆರು!” ಮುಖ್ಯಸ್ಥರ ದನಿ ಏರಿತು, ಸಾವಿನ ಮನೆ ಎಂದು ನೆನಪಾಗಿ ಇಳಿಯಿತು. “ನಲವತ್ತೊಂದು ವರ್ಷದ ದಾಖಲೆ ಮುರಿದ್ರಲ್ಲಮ್ಮ. ಹಳೇದು ಹತ್ತು ಪಾಯಿಂಟ್ ಎರಡು. ರೇಡಿಯೋದಲ್ಲಿ ಕೇಳಿದ್ರಾ?”

ಕೇಳಿದ್ದಳು. ಊರಿಗೆ ಊರೇ ಕೇಳಿತ್ತು. ಅಷ್ಟು ವರ್ಷ ‘ನಮ್ಮೂರ ಚಳಿ ರೇಡಿಯೋದವರಿಗೆ ಕಾಣಲ್ವಾ, ನೀನು ಫೋನಲ್ಲಿ ಏನು ಹರಟೆ ಹೊಡೀತೀಯ?’ ಎಂದು ಕಾಲೆಳೆಯುತ್ತಿದ್ದವರು ಇಪ್ಪತ್ತನೇ ತಾರೀಖು ಆಕೆಯ ಮನೆ ಮುಂದೆ ಬಂದು ನಿಂತಿದ್ದರು. ಅಂದಿನಿಂದ ಬಸ್ಸಿನ ಡ್ರೈವರು ಆಕೆಯನ್ನು ಚಳಿಯಮ್ಮ ಎಂದು ಕರೆಯುತ್ತಿದ್ದ. ಇಂದು ಬೆಳಗ್ಗೆಯೂ ‘ಚಳಿಯಮ್ಮಂಗೆ ಮುಂದಿನ ಸೀಟು ಬಿಡ್ರಪ್ಪ’ ಎಂದಿದ್ದ. ಗಂಡ ಸತ್ತಮೇಲೆ ಆಕೆಗೆ ಯಾರೂ ಸೀಟು ಬಿಟ್ಟಿರಲಿಲ್ಲ.

“ನಾಲ್ಕು ಗಂಟೆಗೆ ತಿಂಗಳ ವರದಿ ಅಚ್ಚಿಗೆ ಹೋಗತ್ತೆ,” ಎಂದು ಮುಖ್ಯಸ್ಥರು ಅಣ್ಣನ ಕಡೆ ತಿರುಗಿದರು. “ಅವರೇ ಶುರು ಮಾಡಿದ್ದು, ಅವರ ಹೆಸರಲ್ಲೇ ಹೋಗತ್ತೆ. ಮೂವತ್ತಾರು ವರ್ಷದಲ್ಲಿ ಅವರ ವರದಿಗೆ ಒಂದು ತಿದ್ದುಪಡಿ ಬಂದಿಲ್ಲ. ಕೊನೇದ್ರಲ್ಲಿ ಇಂಥಾ ದಾಖಲೆ! ಯಾರಿಗೆ ಸಿಗತ್ತೆ ಹೇಳಿ.”

ಅಣ್ಣನ ಕಣ್ಣು ತುಂಬಿತು. ತಮ್ಮ ಏನು ಕೆಲಸ ಮಾಡುತ್ತಿದ್ದನೆಂದು ಅವರಿಗೆ ಸರಿಯಾಗಿ ತಿಳಿದದ್ದೇ ಆಗ.

*

ಹತ್ತೊಂಬತ್ತು ವರ್ಷದ ಹಿಂದೆ ಬೆಟ್ಟದ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವನು ಆಕೆಯ ಗಂಡ. ಕೇಂದ್ರವೆಂದರೆ ಮನೆಯ ಹಿಂದೆ ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳಿಯ ಜಾಲರಿ ಪೆಟ್ಟಿಗೆ, ಒಳಗೆ ಎರಡು ಮೂರು ಉಷ್ಣಮಾಪಕ, ಪಕ್ಕದಲ್ಲಿ ಮಳೆ ಅಳೆಯುವ ಒಂದು ತಗಡಿನ ಕೊಳವೆ. ಗಂಡ ಪೆಟ್ಟಿಗೆಯ ಬಾಗಿಲು ತೆಗೆದು ಇಣುಕುವುದನ್ನು ಆಕೆ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು, ಹತ್ತಿರ ಹೋದವಳಲ್ಲ. ಒಂದು ಚಳಿಗಾಲದಲ್ಲಿ ಮೂರು ದಿನದ ಜ್ವರಕ್ಕೆ ಅವನು ಹೋದ. ಹತ್ತು ದಿನ ಯಾರೂ ಎತ್ತದ ಫೋನು ಹನ್ನೊಂದನೇ ದಿನವೂ ಏಳು ಗಂಟೆಗೆ ಬಡಿದುಕೊಂಡಿತು, ಆಕೆ ಎತ್ತಿದಳು.

“ಹದಿನಾಲ್ಕು, ಹೇಳಿ.”

“ಅವರಿಲ್ಲ. ತೀರಿಕೊಂಡ್ರು,” ಎಂದಿದ್ದಳು.

ಆ ಕಡೆ ಪೆನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಆ ದನಿ ಸಂತಾಪ ಹೇಳಿತು, ಬೇರೆಯವರು ಸಿಗುವವರೆಗೆ ನೀವೇ ನೋಡಿ ಹೇಳಲಾದೀತೇ ಎಂದು ಕೇಳಿತು. ಫೋನು ಹಾಗೇ ಇಟ್ಟು ಆಕೆ ಪೆಟ್ಟಿಗೆಯ ಬಳಿ ಓಡಿದ್ದಳು. ಅಡ್ಡಲಾಗಿ ಮಲಗಿಸಿದ ಗಾಜಿನ ನಳಿಗೆ, ಒಂದು ಕೊನೆಯಲ್ಲಿ ಗುಂಡು, ಒಳಗೆ ತಿಳಿಯಾದ ದ್ರವ, ದ್ರವದಲ್ಲಿ ಒಂದು ಕರಿಯ ಕಡ್ಡಿ. ರಾತ್ರಿ ಚಳಿಯಾದ ಹಾಗೆ ದ್ರವ ಕುಗ್ಗಿ ಕಡ್ಡಿಯನ್ನು ಗುಂಡಿನ ಕಡೆಗೆ ಎಳೆದೊಯ್ಯುತ್ತದೆ. ಬೆಳಗ್ಗೆ ದ್ರವ ಹಿಗ್ಗಿ ಮುಂದೆ ಹೋದರೂ ಕಡ್ಡಿ ಅಲ್ಲೇ ನಿಲ್ಲುತ್ತದೆ. ರಾತ್ರಿಯ ಚಳಿ ಎಲ್ಲಿಯವರೆಗೆ ಇಳಿದಿತ್ತೆಂದು ಅದೇ ಸಾಕ್ಷಿ.

“ಕಡ್ಡಿ ಇದೆ. ಅದರ ತುದಿ ನೋಡ್ಬೇಕಾ?” ಎಂದು ವಾಪಸು ಬಂದು ಏದುಸಿರಿನಲ್ಲಿ ಕೇಳಿದ್ದಳು.

“ಹೌದು, ತುದಿ. ಅದೇ.”

ಕಡ್ಡಿಗೆ ಎರಡು ತುದಿ. ಯಾವುದೆಂದು ಆಕೆ ಕೇಳಲಿಲ್ಲ, ಅವರು ಹೇಳಲಿಲ್ಲ.

ಬೇರೆಯವರು ಸಿಗಲಿಲ್ಲ. ಆಕೆಯೇ ಉಳಿದಳು. ಬೆಳಗ್ಗೆ ಎದ್ದು ದೇವರಿಗೆ ಕೈಮುಗಿಯುವುದು, ಪೆಟ್ಟಿಗೆಯ ಬಾಗಿಲು ತೆಗೆಯುವುದು ಆಕೆಗೆ ಒಂದೇ ಉಸಿರಿನ ಕೆಲಸವಾಯಿತು. ಮೂರನೇ ತಿಂಗಳ ಒಂದು ಬೆಳಗ್ಗೆ ಸಂಖ್ಯೆ ಬರೆದುಕೊಂಡ ಮೇಲೂ ಗುಮಾಸ್ತರು ಫೋನಿಡಲಿಲ್ಲ.

“ಒಂದು ಮಾತು ಹೇಳ್ಬೇಕಿತ್ತು,” ಎಂದರು.

“ಹೇಳಿ.”

“ಹೇಗಿದೀರಿ ಈಗ? ಊಟ ಗೀಟ ಸರಿಯಾಗಿ ಮಾಡ್ತೀರಾ?”

ಅಷ್ಟು ದಿನದಲ್ಲಿ ಹಾಗೆ ಕೇಳಿದವರೇ ಇರಲಿಲ್ಲ. ಆಕೆಯ ಬಾಯಿಂದ ಮಾತು ತಾನಾಗಿ ಬಂತು. “ಬೇರೆ ಏನೂ ಸರಿಯಾಗಿ ಮಾಡ್ತಿಲ್ಲ ಸ್ವಾಮಿ. ಒಲೆ ಹಚ್ಚಿದ್ರೆ ಹಚ್ಚಿದೆ, ಇಲ್ದಿದ್ರೆ ಇಲ್ಲ. ತಪ್ಪಿಲ್ದೆ ಮಾಡ್ತಿರೋದು ಇದೊಂದೇ.”

ಆ ಕಡೆ ಕಾಗದ ಸರಿದ ಸದ್ದು ಕೇಳಿಸಿತು.

“ಸರಿ,” ಎಂದರು. “ನಾಳೆ ನೋಡೋಣ.”

*

“ಹಾಳೆ ತಂದಿದೀರಂತೆ?” ಎರಡನೇ ಗುಮಾಸ್ತ ಮೂಗು ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಂದ. “ಒಳ್ಳೇದಾಯ್ತು. ಅಂಚೆಯಲ್ಲಿ ಬರೋದಾದ್ರೆ ಇನ್ನೂ ಮೂರು ದಿನ. ಇಲ್ಲೇ ತಾಳೆ ನೋಡ್ಬಿಡೋಣ.”

ತಿಂಗಳು ಮುಗಿದ ಮೇಲೆ ಪ್ರತಿ ಕೇಂದ್ರದವರೂ ಮೂವತ್ತೊಂದು ದಿನದ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಕಳಿಸುವುದು ನಿಯಮ. ಅವನು ಕಡತವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿದ. ನಲವತ್ತೆರಡು ಕೇಂದ್ರಕ್ಕೆ ನಲವತ್ತೆರಡು ಸಾಲು, ದಿನಕ್ಕೊಂದು ಚೌಕದ ಮನೆ. ಬಂದರಿನ ಗಾಳಿ, ಬಯಲಿನ ಮಂಜು, ಕಣಿವೆಯ ಮಳೆ, ಎಲ್ಲ ಅಲ್ಲಿ ಇರುವೆಯ ಸಾಲಿನ ಹಾಗೆ ಇತ್ತು. ಒಂದು ದೇಶದ ಒಂದು ತಿಂಗಳ ಚಳಿಯನ್ನು ಇಷ್ಟರಿಂದ ಸೋಸಿ ಒಂದೂವರೆ ಪುಟಕ್ಕೆ ಇಳಿಸುವುದು ಗುಮಾಸ್ತರ ಕೆಲಸವಾಗಿತ್ತು. ಹನ್ನೊಂದನೇ ತಾರೀಖಿನವರೆಗೆ ಒಂದು ಕೈಬರಹ, ಓರಣವಾದ ಸಣ್ಣ ಅಂಕಿ. ಹನ್ನೆರಡರಿಂದ ಇನ್ನೊಂದು.

“ಇಗೋ ನಿಮ್ಮ ಸಾಲು. ಹನ್ನೆರಡರಿಂದ ನಿಮ್ಮಲ್ಲಿ ಚಳಿ ಧುಮುಕಿಬಿಡ್ತು ನೋಡಿ.”

ಆಕೆ ಬಗ್ಗಿದಳು. ಒಂದನೇ ತಾರೀಖು, ಮೈನಸ್ ಒಂದು ಪಾಯಿಂಟ್ ಎಂಟು.

ತಾನು ಹೇಳಿದ್ದು ಆರು ಪಾಯಿಂಟ್ ಮೂರು. ಆ ಬೆಳಗ್ಗೆ ಬಾಗಿಲ ಹಿಡಿಗೆ ಬೆರಳು ಅಂಟಿಕೊಂಡಿದ್ದು ನೆನಪಿತ್ತು. ಕಣ್ಣು ಪಕ್ಕದ ಮನೆಗೆ ಸರಿಯಿತು. ಎರಡು, ಮೈನಸ್ ಎರಡು ಪಾಯಿಂಟ್ ಐದು. ಹೇಳಿದ್ದು ಸರಿಯಾಗಿ ಏಳು. ಮೂರು, ಮೈನಸ್ ಒಂದು ಪಾಯಿಂಟ್ ನಾಲ್ಕು. ಹೇಳಿದ್ದು ಐದು ಪಾಯಿಂಟ್ ಒಂಬತ್ತು. ಹನ್ನೊಂದರವರೆಗೂ ಹಾಗೇ, ಆಕೆ ಹೇಳಿದ್ದಕ್ಕಿಂತ ಪ್ರತಿ ಮನೆಯಲ್ಲೂ ನಾಲ್ಕೂವರೆ ಡಿಗ್ರಿ ಕಡಿಮೆ ಚಳಿ. ಹನ್ನೆರಡರಿಂದ, ಎರಡನೇ ಗುಮಾಸ್ತನ ಕೈಬರಹದಲ್ಲಿ, ತಾನು ಹೇಳಿದ ಸಂಖ್ಯೆಯೇ.

ಅಂಗಳದ ಮಾತು ದೂರದಿಂದ ಬಂದಂತೆ ಕೇಳಿಸಿತು.

“ಕೊಡಿ ಹಾಳೆ.”

“ಚೀಲ... ಮೇಲೆ ಬಿಟ್ಟು ಬಂದೆ,” ಎಂದಳು. ಚೀಲ ಕಂಕುಳಲ್ಲೇ ಇತ್ತು. ಅವನು ಆಗಲೇ ಸೀನಲು ತಿರುಗಿದ್ದ.

*

ಮೇಲಿನ ಮನೆಯಲ್ಲಿ, ಅಂಗಳದಿಂದ ಮರಳಿ ಬಂದ ಗುಮಾಸ್ತರ ಹೆಂಡತಿಯೊಬ್ಬರೇ ಇದ್ದರು. ಖಾಲಿ ಮಂಚದ ಹೊದಿಕೆ ಮಡಚುತ್ತಿದ್ದರು, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು.

“ಬನ್ನಿ ಕೂತ್ಕೊಳ್ಳಿ. ಕೆಳಗೆ ಎಲ್ಲರೂ ಅವರ ಬಗ್ಗೆ ಮಾತಾಡ್ತಿದ್ರೆ ನನಗೆ ಬೇರೆ ಯಾರ್ದೋ ಮನೆಗೆ ಬಂದ ಹಾಗಾಗತ್ತೆ.” ಆಮೇಲೆ, ಏನಾದರೂ ಆಡಬೇಕೆಂದು, “ನಿಮ್ಮ ಮೇಲೆ ನನಗೊಂದು ಸಿಟ್ಟಿತ್ತು ಗೊತ್ತಾ?” ಎಂದರು.

“ನನ್ಮೇಲಾ?”

“ತಿಂಗಳ ಮೊದಲನೇ ಭಾನುವಾರ ಎಲ್ಲಾದ್ರೂ ಹೋಗೋಣ ಅಂದ್ರೆ ಬರ್ತಿರ್ಲಿಲ್ಲ. ಇದೇ ಮೇಜಲ್ಲಿ ಕೂತು ನಿಮ್ಮ ಹಾಳೆ ಹೊಸದಾಗಿ ಬರೆಯೋರು. ನಲವತ್ತೆರಡು ಜನರಲ್ಲಿ ನಿಮ್ಮದೊಂದೇ. ಯಾಕೆ ಅಂದ್ರೆ, ‘ಹದಿನಾಲ್ಕರ ಅಕ್ಷರ ಚೆನ್ನಾಗಿಲ್ಲ’ ಅನ್ನೋರು.”

ಆಕೆಗೆ ಚುಚ್ಚಿತು. ಶಾಲೆಯಲ್ಲಿ ಅಕ್ಷರಕ್ಕೆ ಬಹುಮಾನ ಪಡೆದವಳು. ತಿಂಗಳ ಹಾಳೆಯನ್ನು ಗೆರೆ ಹಾಕಿ, ಮಸಿ ಒತ್ತಿ, ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವಳು. ಆಡಲು ಬಾಯಿ ತೆರೆದಳು. ಅಷ್ಟರಲ್ಲಿ ನಳಿಗೆಯೊಳಗಿನ ಆ ಕಡ್ಡಿ ಕಣ್ಣೆದುರು ಬಂತು. ಹತ್ತೊಂಬತ್ತು ವರ್ಷ ದಿನಬೆಳಗೂ ನೋಡಿದ ಕಡ್ಡಿ. ಗುಂಡಿನ ಕಡೆಯ ತುದಿ ಮೈನಸ್ ಹತ್ತರ ಮೇಲಿದ್ದರೆ ಆಚೆಯ ತುದಿ ಮೈನಸ್ ಐದೂವರೆಯ ಮೇಲೆ. ಕಡ್ಡಿಯ ಉದ್ದವೇ ಅಷ್ಟು, ನಾಲ್ಕೂವರೆ ಗೆರೆ.

ತಪ್ಪು ತುದಿ. ಮೊದಲ ದಿನದಿಂದ ಗುಂಡಿನ ಕಡೆಯ ತಪ್ಪು ತುದಿ. ಮೇಲ್ವಿಚಾರಕರು ಎರಡು ಸಲ ಬಂದು ಪೆಟ್ಟಿಗೆಯ ಬಣ್ಣ ನೋಡಿ, ಬಾಗಿಲಿನ ತಿರುಗಣಿಗೆ ಎಣ್ಣೆ ಹಾಕಿಸಿ ಹೋಗಿದ್ದರು. ತಿಳಿದಿದ್ದವರು ಒಬ್ಬರೇ. ಮೂರನೇ ತಿಂಗಳಲ್ಲಿ ಹೇಳಹೊರಟು ಊಟದ ವಿಷಯ ಕೇಳಿದವರು.

ಆಕೆ ಕುರ್ಚಿಯ ಮೇಲೆ ಕೂತಳು. ಅಳುವಾಗಲಿ ಸಿಟ್ಟಾಗಲಿ ಬರಲಿಲ್ಲ. ಚಳಿಯಮ್ಮ ಎಂದದ್ದು ನೆನಪಾಯಿತು, ಮುಂದಿನ ಸೀಟು ನೆನಪಾಯಿತು. ಆಮೇಲೆ, ನೀರು ತಳ ಮುಟ್ಟಿದ ಹಾಗೆ, ಉಳಿದದ್ದು ನಿಧಾನಕ್ಕೆ ತಿಳಿಯಾಯಿತು. ನಾಲ್ಕು ಗಂಟೆಗೆ ವರದಿ ಅಚ್ಚಿಗೆ ಹೋಗುತ್ತದೆ. ಸುಮ್ಮನಿದ್ದರೆ ಅವರ ಹೆಸರಿರುವ ಕೊನೆಯ ವರದಿಯಲ್ಲಿ ಇಲ್ಲದ ಚಳಿ ದಾಖಲೆಯಾಗಿ ಕೂರುತ್ತದೆ. ಅದನ್ನೇ ತಡೆಯಲು ಅವರು ಹನ್ನೆರಡು ದಿನ ಕೈ ಎತ್ತಿದ್ದು. ಇದ್ದದ್ದು ಇದ್ದ ಹಾಗೆ ಹೇಳಿದರೆ, ಮೂವತ್ತಾರು ವರ್ಷ ತಿದ್ದುಪಡಿಯಿಲ್ಲದ ಮನುಷ್ಯ ಹತ್ತೊಂಬತ್ತು ವರ್ಷ ಯಾರಿಗೂ ಹೇಳದೆ ಸರ್ಕಾರದ ಹಾಳೆ ಬದಲಿಸಿದನೆಂದು, ಮಣ್ಣಿಗೆ ಹೋಗುವ ಮೊದಲೇ ಮಾತಾಗುತ್ತದೆ. ಮತ್ತೆ ಈ ಚೀಲದಲ್ಲಿ ತನ್ನ ಮುತ್ತಿನಂಥ ಅಕ್ಷರದಲ್ಲಿ ಮೂವತ್ತೊಂದೂ ದಿನದ ಸಾಕ್ಷಿ ಇದೆ.

“ಅಮ್ಮಾ, ಖಾಲಿ ಹಾಳೆ ಇದೆಯಾ ಮನೇಲಿ? ಅವರು ಬರೀತಿದ್ದಂಥದ್ದು?”

ಹೆಂಡತಿ ಮೇಜಿನ ಖಾನೆ ಎಳೆದು ತೋರಿಸಿದರು. ಅರ್ಧ ಕಟ್ಟು ಉಳಿದಿತ್ತು. ಯಾಕೆಂದು ಕೇಳಲಿಲ್ಲ. ಕೆಳಗಿನಿಂದ ಯಾರೋ ಕರೆದರು, ಹೋದರು.

ಆಕೆ ಹಳೆಯ ಹಾಳೆಯನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟುಕೊಂಡಳು. ಬೆರಳು ಮರಗಟ್ಟಿ ಪೆನ್ನು ನಿಲ್ಲುತ್ತಿರಲಿಲ್ಲ. ಬಾಯಿಗಿಟ್ಟು ಊದಿಕೊಂಡಳು. ಆರು ಪಾಯಿಂಟ್ ಮೂರರಲ್ಲಿ ನಾಲ್ಕೂವರೆ ಕಳೆದು ಒಂದು ಪಾಯಿಂಟ್ ಎಂಟು ಎಂದು ಬರೆದಳು. ಏಳರಲ್ಲಿ ಕಳೆದಳು. ತಪ್ಪಬಾರದೆಂದು ಎಡಗೈ ಎತ್ತಿ ಬೆರಳು ಮಡಚುತ್ತ ಎಣಿಸಿದಳು.

ಬಾಗಿಲಲ್ಲಿ ಯಾರೋ ನಿಂತಂತಾಯಿತು. ಗುಮಾಸ್ತರ ಹೆಂಡತಿ ಮರಳಿ ಬಂದಿದ್ದರು. ಅವರ ಕಣ್ಣು ಆಕೆಯ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ನಾಲ್ಕು ಬೆರಳು ನೆಟ್ಟಗೆ, ಹೆಬ್ಬೆರಳು ಅರ್ಧ ಮಡಚಿ.

ಹೆಂಡತಿ ಒಂದು ಹೆಜ್ಜೆ ಒಳಗೆ ಬಂದರು.

“ನಾನು ನೀರು ಕೊಟ್ಟೆ,” ಎಂದರು. “ಮಾತ್ರೆ ಕೊಟ್ಟೆ. ಚಳಿ ಆಗತ್ತೇನೋ ಅಂತ ಕಿಟಕಿ ಮುಚ್ಚಿದೆ. ಆ ಕೈಯನ್ನ ಹೊದಿಕೆ ಒಳಗೆ ಸೇರಿಸಿ ಸೇರಿಸಿ ಸಾಕಾಯ್ತು.”

ಆಕೆ ಕೈ ಇಳಿಸಿದಳು.

“ಇನ್ನೆಷ್ಟು ಸಾಲಿದೆ?”

“ಹನ್ನೊಂದರವರೆಗೆ ಇನ್ನೂ ಒಂಬತ್ತು ತಿದ್ದಬೇಕು. ಮಿಕ್ಕಿದ್ದು ಇದ್ದ ಹಾಗೇ ಬರೆಯೋದು.”

“ಗಾಡಿ ಬಂದಿದೆ. ಅರ್ಧ ಗಂಟೆ ನಿಲ್ಲಿಸ್ತೀನಿ. ದುಃಖದ ಹೆಂಗಸು ನಾನು, ನಿಲ್ಲು ಅಂದ್ರೆ ನಿಲ್ತಾರೆ.” ಬಾಗಿಲು ಮುಚ್ಚಿಕೊಂಡು ಹೊರಗೆ ನಿಂತರು. ಆಚೆಯಿಂದ ಅವರ ದನಿ ಕೇಳಿಸಿತು, “ಭಾವ, ಮೇಲೆ ಬರ್ಬೇಡಿ ಈಗ. ಒಂಚೂರು ಹೊತ್ತು ಬಿಡಿ ನನ್ನ.”

ಮೂವತ್ತೊಂದನೇ ಸಾಲು ಮುಗಿಸಿ ಬಾಗಿಲು ತೆಗೆದಾಗ ಅವರು ಹಳೆಯ ಹಾಳೆಗಾಗಿ ಕೈ ನೀಡಿದರು. ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದರು.

*

ಮಸಣದಲ್ಲಿ ಮಣ್ಣು ಗಟ್ಟಿಯಾಗಿತ್ತು. ಅಗೆಯುವವನು ಬೆಳಗಿನಿಂದ ಗುದ್ದಲಿಯ ಎರಡು ಕಾವು ಮುರಿದೆನೆಂದು ದರ್ಜಿಗೆ ಹೇಳುತ್ತಿದ್ದ. ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿದರು. ತನ್ನ ಸರದಿ ಬಂದಾಗ ಆಕೆ ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಲು ನೋಡಿದಳು, ಆಗಲಿಲ್ಲ. ಹಾಗೇ ಬಗ್ಗಿ, ಸದ್ದಾಗದಂತೆ ಇಟ್ಟಳು. ‘ಸರಿ, ನಾಳೆ ನೋಡೋಣ’ ಎಂದು ಮನಸ್ಸಿನಲ್ಲಿ ಬಂದದ್ದನ್ನು ನುಂಗಿದಳು.

ಗೇಟಿನ ಹತ್ತಿರ ಮುಖ್ಯಸ್ಥರು ಕಾರಿನ ಬಾಗಿಲು ತೆಗೆಯುತ್ತಿದ್ದರು. ಎರಡನೇ ಗುಮಾಸ್ತ ಜೊತೆಯಲ್ಲಿದ್ದ.

“ಸ್ವಾಮಿ, ಒಂದು ತಪ್ಪಾಗಿದೆ,” ಎಂದು ಆಕೆ ಹಾಳೆ ಚಾಚಿದಳು. “ಹನ್ನೆರಡನೇ ತಾರೀಖಿಂದ ನಾನು ಕಡ್ಡಿಯ ತಪ್ಪು ತುದಿ ನೋಡಿದೀನಿ. ಗುಂಡಿನ ಕಡೆಯದ್ದು. ಅಲ್ಲಿಂದ ಪ್ರತಿ ದಿನವೂ ನಾಲ್ಕೂವರೆ ಕಳೀಬೇಕು.”

ಮುಖ್ಯಸ್ಥರು ಮೊದಲು ನಕ್ಕರು. ಆಮೇಲೆ ಹಾಳೆ ನೋಡಿದರು.

“ಅಂದ್ರೆ ಹತ್ತೊಂಬತ್ತನೇ ತಾರೀಖು?”

“ಏಳು ಪಾಯಿಂಟ್ ಒಂದು.”

“ರೇಡಿಯೋಗೆ ಹೇಳಿದೀವಲ್ಲಮ್ಮ! ದೇಶಕ್ಕೆಲ್ಲ ಹೇಳಿದೀವಿ!” ದಾರಿಯಲ್ಲಿದ್ದವರು ತಿರುಗಿ ನೋಡಿದರು. “ಹತ್ತೊಂಬತ್ತು ವರ್ಷದಿಂದ ನೋಡ್ತಿದೀರಿ. ಯಾವ ತುದಿ ಅಂತ ಗೊತ್ತಿಲ್ವಾ?”

“ಕನ್ನಡಕ ಒಡೆದಿತ್ತು. ಅಂದಾಜಲ್ಲಿ ನೋಡ್ದೆ.”

ಆಕೆಯ ಮೂಗಿನ ಮೇಲಿದ್ದ ಕನ್ನಡಕ ಹಳೆಯದು, ಸರಿಯಾಗಿಯೇ ಇತ್ತು. ಎರಡನೇ ಗುಮಾಸ್ತ ಅದನ್ನು ನೋಡಿದ. ಹಾಳೆಯ ಹನ್ನೊಂದನೇ ಸಾಲು ನೋಡಿದ, ಹನ್ನೆರಡನೆಯದು ನೋಡಿದ.

“ಹನ್ನೆರಡರಿಂದಲೇ?” ಎಂದ ಮೆಲ್ಲಗೆ. “ನಾನು ಫೋನ್ ತಗೊಂಡ ದಿನದಿಂದ್ಲೇ?”

“ಹೌದಪ್ಪ. ಅವತ್ತಿಂದ್ಲೇ.”

ಅವನು ಆಕೆಯನ್ನೇ ನೋಡುತ್ತ ನಿಂತ. ಆಮೇಲೆ ಕಡತ ತೆಗೆದು, ಕಾರಿನ ಮುಂಭಾಗದ ಮೇಲಿಟ್ಟು, ಇಪ್ಪತ್ತು ಮನೆಗಳಲ್ಲಿ ತಾನು ಬರೆದದ್ದಕ್ಕೆ ಒಂದೊಂದೇ ಗೆರೆ ಎಳೆಯತೊಡಗಿದ.

“ಕಣ್ಣು ಸರಿಯಿಲ್ಲದವರಿಂದ ಈ ಕೆಲಸ ಆಗಲ್ಲ,” ಎಂದರು ಮುಖ್ಯಸ್ಥರು. ಸಿಟ್ಟು ಇಳಿದು ದಣಿದಂತಿದ್ದರು. “ಈ ತಿಂಗಳು ನೋಡಿ. ಮುಂದಿನ ತಿಂಗಳಿಂದ ಶಾಲೆ ಮೇಷ್ಟ್ರನ್ನೋ ಯಾರನ್ನೋ ಗೊತ್ತು ಮಾಡ್ತೀವಿ.”

“ಆಗ್ಲಿ ಸ್ವಾಮಿ. ಅವರಿಗೆ ಮೊದಲೇ ಹೇಳ್ಕೊಡಿ. ಗುಂಡಿನಿಂದ ದೂರದ ತುದಿ ಅಂತ, ಬಿಡಿಸಿ ಹೇಳಿ.”

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಎರಡನೇ ಗುಮಾಸ್ತ ವರದಿಯ ಕರಡು ತೊಡೆಯ ಮೇಲಿಟ್ಟುಕೊಂಡು ಮೊದಲ ಸಾಲನ್ನೇ ಹೊಡೆದುಹಾಕುತ್ತಿದ್ದ. ಬೆಟ್ಟದ ಕೇಂದ್ರಗಳಲ್ಲಿ ಚಳಿ ವಾಡಿಕೆಯಷ್ಟೇ ಇತ್ತು ಎಂದು ಅದರ ಮೇಲೆ ಬರೆದ.

*

ಸಂಜೆಯ ಬಸ್ಸು ಅರ್ಧ ಖಾಲಿಯಿತ್ತು. ಡ್ರೈವರು ಬೇರೆ, ಆಕೆಯನ್ನು ಅರಿಯದವನು. ಮೊದಲ ತಿರುವು ದಾಟಿದ ಮೇಲೆ ಒಬ್ಬ ಮುದುಕಿ ಹತ್ತಿ ಆಕೆಯ ಪಕ್ಕದಲ್ಲೇ ಕೂತಳು. ತೆಳ್ಳನೆಯ ಹತ್ತಿಯ ಸೆರಗು ಬಿಟ್ಟರೆ ಮೈಮೇಲೆ ಬೆಚ್ಚನೆಯದೇನೂ ಇರಲಿಲ್ಲ. ಮಗಳು ಹೆತ್ತಿದ್ದಾಳೆ, ಮೇಲಿನ ಊರಿಗೆ ಬಾಣಂತನಕ್ಕೆ ಹೋಗುತ್ತಿದ್ದೇನೆ ಎಂದಳು.

“ಅಲ್ಲಿ ಭಾರಿ ಚಳಿಯಂತಲ್ಲ ತಾಯಿ? ರೇಡಿಯೋದಲ್ಲಿ ಹೇಳಿದ್ರಂತೆ. ಕೂಸು ಹೇಗೆ ಬದುಕತ್ತೋ ಅಂತ ನನಗೆ ಎದೆ ಡವಡವ ಅಂತಿದೆ.”

“ಅಷ್ಟೇನಿಲ್ಲ,” ಎಂದಳು ಆಕೆ.

“ಇಲ್ವಾ?”

“ಇಲ್ಲಮ್ಮ. ನಾನು ಅಲ್ಲೇ ಇರೋಳು.”

ಮುದುಕಿ ನೆಮ್ಮದಿಯ ಉಸಿರು ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ತಲೆ ವಾಲಿ ಆಕೆಯ ಭುಜಕ್ಕೆ ಬಂತು. ಆಕೆ ಎರಡು ಶಾಲು ಹೊದ್ದಿದ್ದಳು, ಒಂದರ ಮೇಲೊಂದು. ಮುದುಕಿಗೆ ಎಚ್ಚರವಾಗದಂತೆ ಮೇಲಿನದನ್ನು ತೆಗೆದು ಅವಳ ಕಾಲಿನವರೆಗೂ ಎಳೆದು ಹೊದಿಸಿದಳು. ಆಮೇಲೆ ಉಳಿದ ಒಂದರಲ್ಲೇ ಕೂತು, ಬಸ್ಸು ಬೆಟ್ಟ ಹತ್ತುವುದನ್ನು ನೋಡುತ್ತಿದ್ದಳು.